ಒಂದೂ ಐವತ್ತೆಂಟರ ಫೋಟೊ

ತಂಗಿಯ ಹೆಸರಿಗೆ ಬಂದ ನೋಟಿಸನ್ನು ಮೊದಲು ಒಡೆದು ಓದಿದವಳು ಅಕ್ಕ. ಆಸ್ಪತ್ರೆ ಹತ್ತಿರದ ಸಿಗ್ನಲ್ಲಿನಲ್ಲಿ, ಮಧ್ಯಾಹ್ನ ಒಂದೂ ಐವತ್ತೆಂಟಕ್ಕೆ, ಲಾಂಡ್ರಿ ವ್ಯಾನು ಕೆಂಪು ದೀಪ ದಾಟಿದೆ ಎಂದಿತ್ತು. ಜೊತೆಗಿದ್ದ ಕ್ಯಾಮೆರಾ ಫೋಟೊದಲ್ಲಿ ಕಂಡದ್ದು ವ್ಯಾನಿನ ಬೆನ್ನು ಮಾತ್ರ. ಆ ಹೊತ್ತಿನಲ್ಲಿ ಸ್ಟಿಯರಿಂಗ್ ಹಿಡಿದಿದ್ದವಳು ತಾನೇ ಎಂಬುದು ಅಕ್ಕನಿಗೆ ಗೊತ್ತಿತ್ತು. ತಂಗಿಗೂ ಗೊತ್ತಿತ್ತು. ಆದರೂ ಅವಳು ನೋಟಿಸನ್ನು ಮಡಚಿ ಅಡುಗೆಮನೆಯ ಡಬ್ಬಿಯ ಕೆಳಗಿಟ್ಟು, ಗುರುವಾರ ಕೋರ್ಟಿಗೆ ಹೋಗಿ ಬರ್ತೀನಿ ಅಂದಳಷ್ಟೆ.

ಇಬ್ಬರಿಗೂ ಒಂದೇ ವ್ಯಾನು. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಯ್ಯುವ ಬೆಳಗಿನ ಪಾಳಿ ಅಕ್ಕನದು, ಮಧ್ಯಾಹ್ನದ್ದು ತಂಗಿಯದು. ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಕೀಲಿ ಕೈಬದಲಾದ ಗಳಿಗೆಯನ್ನು ಪಾಳಿ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಒಂದೂ ಮುಕ್ಕಾಲು ದಾಟಿತೋ, ಲಾಂಡ್ರಿ ಮಾಲೀಕ ಅರ್ಧ ದಿನ ಗೈರು ಬರೆಯುತ್ತಿದ್ದ. ಆಳಿಗೊಂದು ಗಡಿಯಾರ, ಅರಸನಿಗೊಂದು ಗಡಿಯಾರ. ಹಾಗಾಗಿ ಅಕ್ಕತಂಗಿಯರು ಬೆಳಿಗ್ಗೆ ಅಡುಗೆಮನೆಯಲ್ಲೇ, ಒಲೆಯ ಮೇಲೆ ಟೀ ಕುದಿಯುವಾಗಲೇ, 'ಒಂದೂ ಮುಕ್ಕಾಲು' ಎಂದು ಬರೆದು ಸಹಿ ಹಾಕಿಬಿಡುತ್ತಿದ್ದರು. ಪುಸ್ತಕದ ಪ್ರಕಾರ ಒಂದೂ ಐವತ್ತೆಂಟಕ್ಕೆ ವ್ಯಾನು ತಂಗಿಯ ಕೈಯಲ್ಲಿತ್ತು. ಮಾಲೀಕ ಪೊಲೀಸರಿಗೆ ಬರೆದುಕೊಟ್ಟದ್ದೂ ಅದನ್ನೇ.

ಅಕ್ಕ ಬಾಯಿ ಬಿಟ್ಟರೆ ಅವಳಿಗೆ ಇದು ಮೂರನೇ ಕೇಸು. ಮೂರು ತಿಂಗಳು ಲೈಸೆನ್ಸ್ ಅಮಾನತು. ಬಿಡದಿದ್ದರೆ ತಂಗಿಗೆ ಕುರ್ಚಿ ತಪ್ಪುತ್ತದೆ. ಮುಂದಿನ ತಿಂಗಳಿಂದ ಹೊಸ ಚಾಲಕರಿಗೆ ಕಲಿಸಲು ಲಾಂಡ್ರಿಯ ಡಿಪೋದಲ್ಲಿ ಒಬ್ಬರನ್ನು ಕೂರಿಸುವವರಿದ್ದರು. ಮೈಮೇಲೆ ಒಂದು ಕೇಸೂ ಇರಬಾರದೆಂಬುದು ಷರತ್ತು. ತಂಗಿ ಒಂಬತ್ತು ವರ್ಷದಿಂದ ಒಂದು ದಂಡದ ಚೀಟಿಯನ್ನೂ ಹರಿಸಿಕೊಂಡವಳಲ್ಲ.

ಆ ತಂಗಿಗೆ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ತೋರಿಸಿಕೊಟ್ಟವಳೇ ಅಕ್ಕ. ಆದರೆ ಅಮ್ಮ ನೆಂಟರ ಮುಂದೆ ಹೊಗಳುತ್ತಿದ್ದದ್ದು ಚಿಕ್ಕವಳನ್ನು: ಅವಳು ಓಡಿಸಿದರೆ ಮಡಿಲಲ್ಲಿಟ್ಟ ನೀರೂ ತುಳುಕುವುದಿಲ್ಲವಂತೆ. ದೊಡ್ಡವಳ ವಿಷಯ ಬಂದರೆ, 'ಅವಳದು ಸ್ವಲ್ಪ ಅವಸರ' ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದಳು. ಆ ಒಂದು ಮಾತು ಅಕ್ಕನ ಎದೆಯಲ್ಲಿ ಹಳೆಯ ಮುಳ್ಳಿನಂತೆ ನಾಟಿಕೊಂಡಿತ್ತು. ಕುರ್ಚಿ ತಂಗಿಗೆ ತಪ್ಪಿದರೆ ತಪ್ಪಲಿ ಎಂದು ಅವಳ ಹೊಟ್ಟೆಕಿಚ್ಚು ನಾಲ್ಕು ದಿನ ಹೇಳಿತು. ನಾಲ್ಕು ದಿನವೂ ಅವಳು ಕೇಳಿದಳು.

ಗುರುವಾರ ಇಬ್ಬರೂ, ನೋಟಿಸಿನಲ್ಲಿ ಕೇಳಿದ್ದ ಪಾಳಿ ಪುಸ್ತಕದ ಸಮೇತ, ವ್ಯಾನಿನಲ್ಲೇ ಹೋದರು. ಕೋರ್ಟಿನಲ್ಲಿ ಎರಡು ಬೆಂಚು: ತಪ್ಪು ಒಪ್ಪುವವರು ಎಡಕ್ಕೆ, ಒಪ್ಪದವರು ಬಲಕ್ಕೆ. ಎಡಗಡೆ ಉಸಿರಾಡಲು ಜಾಗವಿಲ್ಲ, ಬಲಗಡೆ ಒಬ್ಬ ಮುದುಕ ಬಿಟ್ಟರೆ ನೊಣ. ಪಕ್ಕದಲ್ಲಿದ್ದ ಟ್ಯಾಕ್ಸಿಯವನು ತಾನು ಇಲ್ಲಿಗೆ ಹಳೆ ಅಳಿಯ ಎಂದು ಪರಿಚಯ ಹೇಳಿಕೊಂಡು ಬುದ್ಧಿ ಹೇಳಿದ: "ಒಪ್ಕೊಂಡ್ರೆ ಅರ್ಧ ಗಂಟೆ, ನಿಜ ಹೇಳಿದ್ರೆ ಅರ್ಧ ದಿನ. ನಮ್ಮಂಥೋರಿಗೆ ನಿಜ ಹೇಳೋಕೆ ಪುರುಸೊತ್ತೆಲ್ಲಿ ತಾಯಿ?"

ತಂಗಿ ಎಡಗಡೆ ಕೂತಳು. ಬೆನ್ನು ನೆಟ್ಟಗೆ, ಕೈಗಳು ಮಡಿಲಲ್ಲಿ, ಮುಖದಲ್ಲಿ ಅದೇ ತುಳುಕದ ನೀರು. ಗುಮಾಸ್ತ ಒಬ್ಬೊಬ್ಬರನ್ನೇ ಕರೆಯುತ್ತಿದ್ದ, ಜನ ಪ್ರಶ್ನೆ ಮುಗಿಯುವ ಮೊದಲೇ ಒಪ್ಪುತ್ತಿದ್ದರು. ನೋಡುತ್ತ ನೋಡುತ್ತ ಅಕ್ಕನಿಗೆ ಒಂದು ಸಂಗತಿ ಹೊಳೆದು ಕಿವಿ ಬಿಸಿಯಾಯಿತು. ಇವಳು ಒಪ್ಪಿಕೊಂಡು ಬಂದರೆ ಮನೆಯಲ್ಲಿ ಒಂದು ಮಾತೂ ಆಡುವುದಿಲ್ಲ. ಆದರೆ ಅಮ್ಮನಿಗೆ ಹೇಗೋ ತಿಳಿಯುತ್ತದೆ. ಅಕ್ಕನ ತಪ್ಪನ್ನು ತಲೆ ಮೇಲೆ ಹೊತ್ತವಳು ಎಂದು ಜೀವ ಇರೋತನಕ ಪಾರಾಯಣ ನಡೆಯುತ್ತದೆ. ಕುರ್ಚಿ ಹೋದರೂ ದೊಡ್ಡತನ ಇವಳಿಗೇ. ತನ್ನದೆಂದು ಉಳಿದಿದ್ದ ಒಂದು ತಪ್ಪನ್ನೂ ಇವಳೇ ಚಂದ ಮಾಡಿಕೊಂಡು ಹೋಗುತ್ತಿದ್ದಾಳೆ.

ತಂಗಿಯ ಸರದಿ ಬಂತು. ಒಪ್ಪುತ್ತೀರಾ ಎಂದು ಮ್ಯಾಜಿಸ್ಟ್ರೇಟ್ ಕನ್ನಡಕದ ಮೇಲಿಂದ ನೋಡಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅಕ್ಕ ಎದ್ದಳು.

"ಓಡಿಸಿದ್ದು ನಾನು, ಮೇಡಂ. ಇವಳು ಆಗ ಗೇಟ್ ಹತ್ರ ನಿಂತಿದ್ಲು."

ಪುಸ್ತಕದಲ್ಲಿ ಹಾಗಿಲ್ಲವಲ್ಲ ಎಂದರು ಮ್ಯಾಜಿಸ್ಟ್ರೇಟ್. ಅದನ್ನು ಬೆಳಿಗ್ಗೆಯೇ ಬರೆದದ್ದು, ದಿನವೂ ಹಾಗೇ ಬರೆಯುವುದು ಎಂದಳು ಅಕ್ಕ. ಯಾಕೆ ಎಂದು ಕೇಳಿದ್ದೇ ತಡ, ನಾಲ್ಕು ದಿನದ ಕಿಚ್ಚು ಬೇರೆ ದಿಕ್ಕಿಗೆ ತಿರುಗಿತು.

"ಡಿಪೋದಿಂದ ಆಸ್ಪತ್ರೆಗೆ ನಾಲ್ಕು ಸಿಗ್ನಲ್ ಇದಾವೆ. ಮಾಲೀಕ್ರು ಹೇಳಿದ ಹೊತ್ತಿಗೆ ಮುಟ್ಟಬೇಕಂದ್ರೆ ನಾಲ್ಕೂ ಹಸಿರಿರಬೇಕು. ನಿಲ್ಲದೆ ಹೋದ್ರೆ ನೀವು ಹಿಡೀತೀರಿ, ನಿಂತ್ರೆ ಅವರು ಹಿಡೀತಾರೆ. ನಮ್ಮ ಬೆನ್ನಿನ ಫೋಟೊ ತೆಗೆಯೋಕೆ ಕಂಬ ಕಂಬಕ್ಕೂ ಕ್ಯಾಮೆರಾ ಇದೆ. ಅವರ ಮೇಜಿಗೆ ಒಂದೂ ಇಲ್ಲ."

ಎಡಗಡೆ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಟ್ಯಾಕ್ಸಿಯವನು ಮೆಲ್ಲಗೆ ಎದ್ದು ಬಲಗಡೆ ಬೆಂಚಿಗೆ ಹೋಗಿ ಕೂತ.

ಮ್ಯಾಜಿಸ್ಟ್ರೇಟ್ ತುಂಬ ಹೊತ್ತು ಪುಸ್ತಕದ ಪುಟ ಮಗುಚಿದರು. ವರ್ಷವಿಡೀ ಒಂದೂ ಮುಕ್ಕಾಲು. ಒಂದು ನಿಮಿಷ ಹಿಂದಿಲ್ಲ, ಮುಂದಿಲ್ಲ. ಸುಳ್ಳು ಸಹಿಗೆ ಇಬ್ಬರನ್ನೂ ಗದರಿಸಿದರು. ಪುಸ್ತಕ ಇಲ್ಲೇ ಇರಲಿ, ಮಾಲೀಕ ಬಂದು ಉತ್ತರ ಹೇಳಲಿ ಎಂದರು. ತಂಗಿಯ ನೋಟಿಸು ರದ್ದಾಯಿತು. ಅಕ್ಕ ಲೈಸೆನ್ಸನ್ನು ಗುಮಾಸ್ತನ ಮೇಜಿನ ಮೇಲಿಟ್ಟಳು, ಮೂರು ತಿಂಗಳಿಗೆ.

ಮೆಟ್ಟಿಲ ಮೇಲೆ ತಂಗಿ ತಡೆದು ನಿಲ್ಲಿಸಿದಳು. "ನಾನು ಹೊತ್ಕೋತಿದ್ನಲ್ಲಕ್ಕ."

"ಅದಕ್ಕೇ ಹೇಳಿದ್ದು."

ತಂಗಿ ಅಕ್ಕನ ಮುಖವನ್ನು ಪೂರ್ತಿ ಓದಿದಳು. ಆಮೇಲೆ ಮೂಗಿನಲ್ಲೇ ನಕ್ಕಳು. "ಪುಸ್ತಕ ಕೋರ್ಟಲ್ಲಿ ಇಡಿಸಿದೋರಿಗೆ ಮಾಲೀಕ ಕುರ್ಚಿ ಕೊಡ್ತಾನಾ? ಇಬ್ಬರಿಗೂ ಇಲ್ಲ ಬಿಡು. ಈಗ ತಣ್ಣಗಾಯ್ತಾ ಹೊಟ್ಟೆ?"

ಆಗಿತ್ತು, ಒಂದು ಗಳಿಗೆ. ಅದಕ್ಕೆ ನಾಚಿಕೆಯಾಗಿ ಅಕ್ಕ ಬೇಗ ಬೇಗ ಇಳಿದಳು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಆ ವ್ಯಾನಿನ ಎಡಸೀಟಿನಲ್ಲಿ ಕೂತಳು. ಕೆಲಸವಿಲ್ಲದ ಕೈಗಳು ಮಡಿಲಿಗೆ ಭಾರವಾದವು. ಆಸ್ಪತ್ರೆಯ ಸಿಗ್ನಲ್ಲಿನಲ್ಲಿ ದೀಪ ಹಳದಿಗೆ ತಿರುಗಿದಾಗ ಗಡಿಯಾರದಲ್ಲಿ ಒಂದೂ ಮುಕ್ಕಾಲು ದಾಟಿತ್ತು. ಅಕ್ಕನ ಕಾಲು ಇಲ್ಲದ ಬ್ರೇಕನ್ನು ತುಳಿಯಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು.

"ಕಾಯ್ಲಿ," ಅಂದಳು ತಂಗಿ.

ವ್ಯಾನು ಬಿಳಿ ಗೆರೆಯ ಹಿಂದೆ ನಿಂತಿತು. ಹಿಂದೆ ಪೇರಿಸಿದ್ದ ಬಟ್ಟೆಯ ಗಂಟುಗಳಲ್ಲಿ ಒಂದೂ ಅಲುಗಲಿಲ್ಲ. ಕ್ಯಾಮೆರಾ ನೆತ್ತಿಯ ಮೇಲಿಂದ ನೋಡುತ್ತಿತ್ತು. ಎಷ್ಟು ನಾಜೂಕಾಗಿ ನಿಲ್ಲಿಸ್ತಾಳಪ್ಪ ಇವಳು ಎಂದುಕೊಂಡಳು ಅಕ್ಕ; ಹೊಟ್ಟೆಯೊಳಗೆ ಕಿಚ್ಚು ಮತ್ತೆ ಹೊತ್ತಿಕೊಂಡಿತು.