ಎರಡು ಮತ ಕಳೆದರೆ ಸೊನ್ನೆ

ಆಗಸ್ಟ್‌ನ ಆ ಶನಿವಾರ ತೈವಾನಿನ ಹೆಂಗ್‌ಚುನ್ ಊರಿನ ಬಿಸಿಲಿಗೆ ಬಾತುಕೋಳಿಗಳು ಬೆಂದ ಮೊಟ್ಟೆಯನ್ನೇ ಇಡುತ್ತಿದ್ದವು. ಸುಳ್ಳೆನ್ನುವವರು ಸುಲಿದು ನೋಡಲಿ. ಆದರೆ ಅಣುಸ್ಥಾವರದ ಗೇಟಿನೆದುರು ನೂಡಲ್ಸ್ ಅಂಗಡಿ ಇಟ್ಟಿದ್ದ ಸಿಯು-ಚಿನ್‌ಗೆ ಬಿಸಿಲಿಗಿಂತ ಮಾತೇ ಹೆಚ್ಚು ಸುಸ್ತು ತಂದಿತ್ತು. ಮೇ ತಿಂಗಳಲ್ಲಿ ಸ್ಥಾವರ ನಿಂತಿತ್ತು. ಮತ್ತೆ ನಡೆಸಬೇಕೋ ಬೇಡವೋ ಎಂದು ಇಡೀ ದೇಶ ಅಂದು ಮತ ಹಾಕುತ್ತಿತ್ತು. ನಡೆದರೆ ಕೆಲಸಗಾರರು ಉಣ್ಣಲು ಬರುತ್ತಾರೆ. ಇಲ್ಲದಿದ್ದರೆ ಅಂಗಡಿಗೆ ಬೀಗ.

ಪಕ್ಕದ ಒಣಮೀನಿನ ಅಂಗಡಿಯ ಪಾನ್ 'ಬೇಡ'ದವನು. ಭೂಮಿ ನಡುಗಿದರೆ ಗತಿಯೇನು ಎಂಬ ಭಯ ಅವನಿಗೆ. ಇಬ್ಬರೂ ಎಷ್ಟು ಜಗಳವಾಡಿದ್ದರೆಂದರೆ, ಕೇಳಿ ಕೇಳಿ ಅವನ ಒಣಮೀನೇ ಬಾಯಿ ಮುಚ್ಚಿಕೊಂಡಿತ್ತು.

ಬೆಳಿಗ್ಗೆ ಪಾನ್ ಅಂದಿದ್ದ: "ಅಕ್ಕಾ, ನಿಂದೊಂದು ಹೌದು, ನಂದೊಂದು ಬೇಡ. ಕಳೆದ್ರೆ ಸೊನ್ನೆ. ಈ ಬಿಸಿಲಲ್ಲಿ ಯಾಕೆ ಸಾಯೋದು? ಇಬ್ರೂ ಮನೇಲಿರೋಣ."

"ಸರಿ ಮಾರಾಯ," ಎಂದು ಅವಳು ಕಾಲು ಚಾಚಿದ್ದಳು.

ಮಧ್ಯಾಹ್ನ ಸ್ಥಾವರದ ಹಳೆಯ ಕೆಲಸಗಾರ ಹುವಾಂಗ್ ನೂಡಲ್ಸ್ ಹೀರುತ್ತ ಒಪ್ಪಂದ ಕೇಳಿ ಕೆಮ್ಮಿದ. "ಅಯ್ಯೋ ಅಕ್ಕಾ! ಹೌದು ಅನ್ನೋರು ಬರೀ ಜಾಸ್ತಿ ಇದ್ರೆ ಸಾಲ್ದು. ದೇಶದ ಮತದಾರರಲ್ಲಿ ಕಾಲು ಭಾಗ ಹೌದು ಅನ್ಬೇಕು. ಅವ್ನು ಗೊರಕೆ ಹೊಡೆದ್ರೂ ಬೇಡ ಅಂದ ಹಾಗೆ. ನೀನು ಗೊರಕೆ ಹೊಡೆದ್ರೂ ಅವ್ನಿಗೇ ಲಾಭ!"

ಸಿಯು-ಚಿನ್ ಸೌಟು ಹಿಡಿದೇ ಪಾನ್‌ನ ಬಾಗಿಲಿಗೆ ಹೋದಳು. "ಕಳ್ಳ! ಗೊತ್ತಿದ್ದೇ ಆಟ ಆಡಿದ್ಯಾ?"

ಪಾನ್ ಕಣ್ಣುಜ್ಜಿಕೊಂಡ. "ನಮ್ಮಜ್ಜಿಯಾಣೆ, ನಂಗೆ ಗೊತ್ತಿರ್ಲಿಲ್ಲ. ನಾನು ಮೀನು ತೂಗೋನು, ಕಾನೂನಲ್ಲ." ಗಡಿಯಾರ ನೋಡಿ ನಿಟ್ಟುಸಿರಿಟ್ಟ. "ನಾಲ್ಕಕ್ಕೆ ಮತಗಟ್ಟೆ ಮುಚ್ತಾರೆ. ಸ್ಕೂಟರ್ ಹತ್ತು, ಬಿಡ್ತೀನಿ."

ಮತಗಟ್ಟೆಯಾಗಿದ್ದ ಶಾಲೆಯ ಮುಂದೆ ಅವಳನ್ನಿಳಿಸಿ ಅವನು ಮರದ ಕೆಳಗೆ ಕುಳಿತ.

"ನೀನು ಬರಲ್ವಾ?"

"ನಾನು ಇಲ್ಲೇ ಕೂತು ಬೇಡ ಅಂತಿದೀನಲ್ಲ. ಹೋಗು."

ಅವಳು ಹೋಗಿ 'ಹೌದು'ಗೆ ಮುದ್ರೆ ಒತ್ತಿ ಬಂದಳು.

ಸಂಜೆ ಅವಳ ಅಂಗಡಿಯಲ್ಲಿ ಇಬ್ಬರೂ ನೋಡುತ್ತಿದ್ದ ಟಿವಿ ಹೇಳಿತು: 'ಹೌದು' 'ಬೇಡ'ಕ್ಕಿಂತ ಎಷ್ಟೋ ಹೆಚ್ಚು. ಆದರೆ ಕಾಲು ಭಾಗ ಮುಟ್ಟಲಿಲ್ಲ. ಸೋತಿತು.

"ಗೆದ್ದೂ ಸೋಲೋದು ಅಂದ್ರೆ ಇದೇ ನೋಡು," ಅಂದಳು ಸಿಯು-ಚಿನ್. "ಕುಣಿ ಹೋಗು, ಗೆದ್ದೆ ಅಂತ."

"ನಾಳೆ ಕುಣೀತೀನಿ. ಇವತ್ತು ಸುಸ್ತು."

ಅವಳು ಕೆಲಸಗಾರರಿಗೆಂದೇ ಇಟ್ಟಿದ್ದ ದೊಡ್ಡ ಹಂಡೆಯನ್ನು ಒಲೆಯಿಂದ ಎಳೆದಳು. ಜಗ್ಗಲಿಲ್ಲ. ಪಾನ್ ಎದ್ದು ಹಂಡೆಯ ಇನ್ನೊಂದು ಕಿವಿ ಹಿಡಿದ. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿದರು.