ಹುಡುಕಿದರೆ ಸಿಗದ ಸುಂಕಣ್ಣ

ಆಂಧ್ರದ ಗಡಿಯ ಕೋಸಗಿಯ ಸುಂಕಣ್ಣ ಆರಡಿ ಆಳು. ರೈಲ್ವೆ ಸ್ಟೇಷನ್ ಕಡೆಯಿಂದ ಬರುತ್ತಿದ್ದರೆ ಮೊದಲು ಅವನ ಟವೆಲ್ಲು ಕಾಣುತ್ತದೆ, ಆಮೇಲೆ ಅವನು. ಇಂಥ ಮನುಷ್ಯನನ್ನು ಅವನ ಹೆಂಡತಿಯ ಫೋನು ಒಂದು ಮಧ್ಯಾಹ್ನ "ಇಲ್ಲ" ಅಂದುಬಿಟ್ಟಿತು. ಒಂದು ಸಲ ಅಲ್ಲ, ಎರಡು ಸಲ.

ಆದದ್ದು ಇಷ್ಟು. ಸುಂಕಣ್ಣನ ದೊಡ್ಡ ಮಗಳು ಲಾವಣ್ಯ ಇಂಟರ್, ಅಂದರೆ ಪಿಯುಸಿ, ಪಾಸಾಗಿ ನರ್ಸಿಂಗಿಗೆ ಅರ್ಜಿ ಹಾಕಿದ್ದಳು. ಕರ್ನೂಲಿನ ಕಾಲೇಜಿನಲ್ಲಿ ಸೀಟು ಬಂದಿದೆ ಅಂತ ಗೆಳತಿ ಹಾರಿಕಾ ಫೋನು ಮಾಡಿ ಹೇಳಿದಾಗ ಮೂರು ಗಂಟೆ. "ಈ ಸೀಟು ನನಗೆ ಬೇಕು" ಅಂತ ವೆಬ್‌ಸೈಟಿಗೆ ಹೋಗಿ ಒತ್ತಬೇಕು. ಅದಕ್ಕೆ ಅದೇ ಕೊನೇ ದಿನ, ಸಂಜೆ ಐದರೊಳಗೆ. ಒತ್ತದಿದ್ದರೆ ಸೀಟು ಇನ್ನೊಬ್ಬರ ಪಾಲು.

ವೆಬ್‌ಸೈಟಿನ ಪಾಸ್‌ವರ್ಡು ತಾಯಿ ಉರುಕುಂದಮ್ಮನ ಫೋನಿನಲ್ಲಿತ್ತು. 'ಭದ್ರಪೆಟ್ಟಿ' ಅನ್ನುವ ಆ್ಯಪಿನಲ್ಲಿ. ಇದ್ದಬದ್ದ ಪಾಸ್‌ವರ್ಡುಗಳನ್ನೆಲ್ಲ ಒಂದೇ ಕಡೆ ಬೀಗ ಹಾಕಿ ಇಡುವ ಆ್ಯಪು ಅದು. ಮಹಿಳಾ ಸಂಘದ ತರಬೇತಿಯಲ್ಲಿ ಹಾಕಿಸಿಕೊಂಡಿದ್ದಳು. ತಾಯಿ, ಮಗಳು ಇಬ್ಬರ ಬೆರಳಿಗೂ ಅದು ತೆರೆಯುತ್ತದೆ. ಆದರೆ ತೆರೆದರೆ ಕಾಣುವುದು ಒಂದೇ ಒಂದು ಖಾಲಿ ಡಬ್ಬಿ, ಮೇಲೆ "ಹುಡುಕಿ" ಅಂತ. ಒಳಗೆ ಏನೇನಿದೆ ಅನ್ನುವ ಪಟ್ಟಿ ಕಾಣುವುದಿಲ್ಲ.

ಉರುಕುಂದಮ್ಮ ಹತ್ತಿ ಬಿಡಿಸಲು ಕೌತಾಳಂ ಕಡೆ ಹೋಗಿದ್ದಳು. ಮಗಳಿಗೆ ಬೇಕಾದೀತು ಅಂತ ಫೋನು ಮನೆಯಲ್ಲೇ ಬಿಟ್ಟಿದ್ದಳು. ಅವಳ ಜತೆ ಹೋದ ಬಸವಕ್ಕನ ಫೋನಿಗೆ ಮಾಡಿದರೆ ಸ್ವಿಚ್ ಆಫ್.

ಲಾವಣ್ಯ 'ನರ್ಸಿಂಗ್' ಅಂತ ಹಾಕಿದಳು. ಇಲ್ಲ. 'ಕಾಲೇಜು' ಹಾಕಿದಳು. ಇಲ್ಲ. 'ಸೀಟು' ಹಾಕಿದಳು. ಇಲ್ಲ. ತನ್ನ ಹೆಸರು ಹಾಕಿದಳು. ಇಂಗ್ಲಿಷಿನಲ್ಲಿ ಹಾಕಿದಳು, ತೆಲುಗಿನಲ್ಲಿ ಹಾಕಿದಳು. ಇಂಟರ್ ಪಾಸಾದಾಕಿಯನ್ನು ಪಾಸ್‌ವರ್ಡು ಫೇಲು ಮಾಡುತ್ತಾ ಕೂತಿತ್ತು.

"ಏನಂತೈತಿ?" ಬಾಗಿಲಲ್ಲಿ ನಿಂತು ಸುಂಕಣ್ಣ ಕೇಳಿದ.

"ಕ್ಷಮಿಸಿ, ಯಾವುದೇ ಫಲಿತಾಂಶ ಲಭ್ಯವಿಲ್ಲ ಅಂತೈತಿ ಅಪ್ಪ."

ಸುಂಕಣ್ಣ ಮೂಗು ಹಿಡಿದುಕೊಂಡು ಅದರ ದನಿ ತೆಗೆದ. "'ಲಭ್ಯವಿಲ್ಲ'! ಯಾವೂರ ಮಾತಿದು? ಆದೋನಿ ಬಸ್ ಸ್ಟ್ಯಾಂಡಿನ್ಯಾಗ ಮೈಕ್ ಹಿಡದಾಕಿ ಕೂಡ ಬಸ್ ಇಲ್ಲಂದ್ರ ಮುಂದಿನ ಬಸ್ ಯಾವಾಗ ಅಂತ ಹೇಳ್ತಾಳ. ಇದಕ್ಕ ಅಷ್ಟೂ ಬರಂಗಿಲ್ಲೇನು? ಅರ್ಜಿ ಹಾಕಾಕ ಅಕೌಂಟು ನನ್ನ ಹೆಸರಿಲೆ, ನನ್ನ ನಂಬರಿಲೆ ತೆಗದಿದ್ವಿ. ನನ್ನ ಹೆಸರು ಹಾಕು."

ಲಾವಣ್ಯ 'ಸುಂಕಣ್ಣ' ಅಂತ ಹಾಕಿದಳು.

"ನೀನೂ ಇಲ್ಲಂತ ಅಪ್ಪ."

"ನಾನಾ ಇಲ್ಲೇನು? ಇಲ್ಲಿ ನಿಂತೀನಲ್ಲ! ತಾ ಇಲ್ಲಿ!"

ಫೋನು ಕಸಿದುಕೊಂಡು ಅವನೇ ಒತ್ತಿದ. ದೊಡ್ಡ ಬೆರಳು, ಸಣ್ಣ ಅಕ್ಷರ. ಮತ್ತೆ ಇಲ್ಲ. ಸುಂಕಣ್ಣನಿಗೆ ಇಲ್ಲದ ಸಿಟ್ಟು ಬಂತು. "ನಾ ಮೊದಲಾ ಹೇಳಿದ್ದೆ. ಪಾಸ್‌ವರ್ಡೆಲ್ಲ ಗ್ವಾಡಿ ಮ್ಯಾಲ ಇದ್ದಲಿಲೆ ಬರದಿದ್ದೆ, ಕಣ್ಣಿಗೆ ಕಾಣ್ತಿತ್ತು. ನಿಮ್ಮವ್ವ ಸಂಘ ಸಂಘ ಅಂತ ಹೋಗಿ, ಬಂದು, ಎಲ್ಲ ಒರಸಿ ಪೆಟ್ಟಿಗ್ಯಾಗ ಹಾಕಿದ್ಲು. ಈಗ ಪೆಟ್ಟಿಗಿ ನುಂಗಿ ಕುಂತೈತಿ!"

"ಹೊಸಾ ಪಾಸ್‌ವರ್ಡ್ ಕೇಳಿದ್ರ ಒಟಿಪಿ ನಿನ್ನ ಹಳೇ ಸಿಮ್ಮಿಗೆ ಹೋಗ್ತೈತಿ ಅಪ್ಪ." ಲಾವಣ್ಯ ಅಂದಳು. ಆ ಸಿಮ್ಮು ಹೋದ ತಿಂಗಳೇ ಫೋನಿನ ಜತೆ ಕಾಲುವೆಗೆ ಬಿದ್ದಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು.

ಗಲಾಟೆ ಕೇಳಿ ಎದುರು ಮನೆಯ ಗಂಗೋತ್ರಿ ಬಂದಳು. ಊರಿನ ಗ್ರಾಮ ಸಚಿವಾಲಯದಲ್ಲಿ ಕಂಪ್ಯೂಟರ್ ಕೆಲಸ ಮಾಡುವಾಕಿ. ಅವತ್ತು ರಜೆ ಹಾಕಿದ್ದಳು.

"ಏನು ಮಾಮ, ಫೋನಿಗೆ ಹೊಡ್ಯಾಕ ನಿಂತಂಗೈತಿ?"

"ಹೊಡೀತೀನಿ. ನಡು ಮಧ್ಯಾಹ್ನ ನನ್ನ ಮಗಳ ಸೀಟು ನುಂಗಾಕತ್ತೈತಿ. ಗ್ವಾಡಿ ಛಲೋ ಇತ್ತವ್ವಾ, ಗ್ವಾಡಿ!"

"ಹೌದೌದು, ಬಾಳ ಛಲೋ ಇತ್ತು. ಆ ಗ್ವಾಡಿ ನೋಡಿಕೊಂಡು ನಮ್ಮ ಓಣಿ ಹುಡುಗ ಆಂಜಿ ನಿನ್ನ ಅಕೌಂಟಿನ್ಯಾಗ ಹೊಕ್ಕು, 'ನಾನು ಕೋಳಿ ಕಳ್ಳ, ಊರ ಮಂದಿ ಕ್ಷಮಿಸ್ರಿ' ಅಂತ ನಿನ್ನ ಫೋಟೋ ಸಮೇತ ಹಾಕಿದ್ದು ಮರತೆಯೇನು?"

ಸುಂಕಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಅದನ್ನು ಮದ್ದಿಕೇರದ ನೆಂಟರೂ ನೋಡಿದ್ದರು.

ಗಂಗೋತ್ರಿ ಫೋನು ಇಸಿದುಕೊಂಡಳು. ಏನೇನು ಹಾಕಿ ನೋಡಿದಿರಿ ಅಂತ ಒಂದೊಂದಾಗಿ ಕೇಳಿದಳು. ತಾನೂ ನಾಲ್ಕು ಸಲ ಹಾಕಿದಳು. ನಾಲ್ಕೂ ಸಲ "ಲಭ್ಯವಿಲ್ಲ". ಅವಳ ಮುಖವೂ ಕೆಂಪಾಯಿತು.

"ನೋಡು ಮಾಮ, ಒಳಗ ಇದ್ದದ್ದು ಎಲ್ಲೂ ಹೋಗಿಲ್ಲ. ಹುಡುಕೂ ಡಬ್ಬಿ ಮಾಡಿದವರಿಗೆ ಬುದ್ಧಿ ಇಲ್ಲ. ಅತ್ತಿ ಇಟ್ಟ ಹೆಸರನ್ನ ನಾವು ಹಾಕಬೇಕಂತ. ಒಂದು ಮಾತು ಆಕಡೆ ಈಕಡೆ ಆದ್ರ, ಇಲ್ಲ ಅಂತ ಬಾಗಲಾ ಹಾಕ್ಕೊಂತೈತಿ. ಇದಾ ಬೇಕೇನು, ಅದಾ ಬೇಕೇನು ಅಂತ ಒಂದು ಸಲ ಕೇಳಂಗಿಲ್ಲ. ಕಿರಾಣಿ ಅಂಗಡಿ ನಾಗಣ್ಣನ ಹತ್ರ ಹೋಗಿ 'ಅದಾ, ಹೋದ ವಾರ ಒಯ್ದಿದ್ನಲ್ಲ, ಕೆಂಪು ಪೊಟ್ಣ' ಅಂದ್ರ ತಕ್ಕೊಡ್ತಾನೋ ಇಲ್ಲೋ? ಆತ ಯಾವ ಕಾಲೇಜು ಓದ್ಯಾನ?"

"ಬೈಯೂದು ಆಮ್ಯಾಲ ಅಕ್ಕ, ನಾಲ್ಕೂವರಿ ಆತು!" ಲಾವಣ್ಯ ಅತ್ತೇಬಿಟ್ಟಳು.

ಸಂಘದ ತರಬೇತಿಯಲ್ಲಿ ಗಂಗೋತ್ರಿಯೂ ಇದ್ದಳು. 'ಯಾರದೋ ಅವರ ಹೆಸರು ಮೊದಲು ಇಡ್ರಿ' ಅಂತ ಹೇಳಿಕೊಟ್ಟದ್ದು ನೆನಪಾಯಿತು. ಉರುಕುಂದಮ್ಮ ಒತ್ತಿ ಬರೆಯುವಾಕಿ ಅಲ್ಲ. ಮೈಕಿನ ಗುಂಡಿ ಒತ್ತಿ ಬಾಯಲ್ಲಿ ಹೇಳುವಾಕಿ.

"ಮಾಮ, ಅತ್ತಿ ಯಾವತ್ತಾದ್ರೂ ನಿನ್ನ ಹೆಸರು ಹಿಡದು ಕರದಾಳೇನು?"

"ಹೆಸರಾ? ಮದುವಿ ಆಗಿ ಇಪ್ಪತ್ತೆರಡು ವರ್ಷ ಆತು. ರೇಷನ್ ಅಂಗಡ್ಯಾಗ ಗಂಡನ ಹೆಸರು ಕೇಳಿದ್ರ ಸೆರಗು ಬಾಯಿಗೆ ಹಿಡದು ನನ್ನ ಕಡಿ ಬೆರಳು ತೋರಸ್ತಾಳ. ನಾ ಇಲ್ಲದಿದ್ರ ರೇಷನ್ ಬಿಟ್ಟು ಬರ್ತಾಳ."

"ಹಂಗಾದ್ರ ಈ ಫೋನಿಗೆ ಹೇಳ್ಯಾಳೇನು? ಇನ್ನ ನಾವು ಸುಂಕಣ್ಣ ಸುಂಕಣ್ಣ ಅಂತ ಹುಡುಕಿದ್ರ ಎಲ್ಲಿಂದ ಸಿಗ್ತಿ?" ಗಂಗೋತ್ರಿ ಮೈಕ್ ಒತ್ತಿದಳು. ಉರುಕುಂದಮ್ಮನ ದನಿಯನ್ನೇ ತೆಗೆದು, ತಲೆ ತುಸು ಬಗ್ಗಿಸಿ ಹೇಳಿದಳು: "ಮನಿಯವ್ರು."

ನಾಲ್ಕು ಸಾಲು ಸಾಲಾಗಿ ಬಂದವು.

ಮನಿಯವ್ರು ಗ್ಯಾಸು. ಮನಿಯವ್ರು ರೇಷನ್. ಮನಿಯವ್ರು ಹೊಲದ ಪಾಸ್‌ಬುಕ್. ಮನಿಯವ್ರು ದೊಡ್ಡಾಕಿ ಸೀಟು.

"ಸೀಟು ಅಂತ ಐತಲ್ಲ ಅಕ್ಕ!" ಲಾವಣ್ಯ ಕಣ್ಣೊರೆಸಿಕೊಂಡು ಕಿರುಚಿದಳು. "ನಾ ಸೀಟು ಅಂತ ಹಾಕಿದ್ದೆ! ಆಗ ಇಲ್ಲ ಅಂತಲ್ಲ ಇದು!"

"ಮೊದಲನೇ ಮಾತು ಅಷ್ಟಾ ನೋಡ್ತೈತಿ ಇದು. ಮೂರನೇ ಮಾತಿನ ತನಕ ಬರಾಕ ಅದಕ್ಕ ಕಾಲು ನೋವು."

ನಾಲ್ಕೂ ನಲವತ್ತಾರಕ್ಕೆ ಲಾವಣ್ಯ ಒತ್ತಿದಳು. ಸೀಟು ಖಾತ್ರಿ ಅಂತ ಹಸಿರು ಅಕ್ಷರ ಬಂತು. ಸುಂಕಣ್ಣ ಕಟ್ಟೆಯ ಮೇಲೆ ಕುಸಿದು ಕೂತ. ಸಿಟ್ಟು ಇಳಿಯಲಿಲ್ಲ, ಜಾಗ ಬದಲಾಯಿಸಿತು.

ಆಟೊ ಇಳಿದು ಉರುಕುಂದಮ್ಮ ಬಂದಾಗ ಅವನು ಕಾಯುತ್ತಿದ್ದ.

"ಏನು ಹೆಸರಿಟ್ಟಿ ಅಂತ ಒಂದು ಮಾತು ಮನ್ಯಾಗ ಹೇಳಾಕ ಏನಾಗಿತ್ತು ನಿನಗ?"

"ನೀವು ಯಾವತ್ತು ಕೇಳಿರಿ? ಅದರ ಸುದ್ದಿ ತೆಗದ್ರ ಗ್ವಾಡಿ ಕಡಿ ಮುಖ ಮಾಡತಿದ್ರಿ." ನಡೆದದ್ದನ್ನೆಲ್ಲ ಮಗಳಿಂದ ಕೇಳಿ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾ ಮೂರು ಮಾತು ಹೇಳಿ ಇಟ್ಟೀನಿ. ಯಾರದು, ಯಾರಿಗೆ, ಎದಕ್ಕ. ಒಂದನ್ನ ಓದಿ ಎರಡು ಬಿಟ್ಟೈತಿ. ತಪ್ಪು ನಂದೇನು? ಇನ್ನೊಂದು ಕಾಲು ತಾಸು ಹೋಗಿದ್ರ ನನ್ನ ಮಗಳು ನಾಳಿಂದ ನನ್ನ ಸಂಗಾಟ ಹತ್ತಿ ಹೊಲಕ್ಕ ಬರತಿದ್ಲು. ಇದನ್ನ ಮಾಡಿದವರಿಗೆ ಬೈಯಾಕ ಏನರ ದಾರಿ ಐತೇನು ಗಂಗೋತ್ರಿ?"

"ಐತಿ ಅತ್ತಿ. ಕೆಳಗ 'ನಿಮ್ಮ ಅಭಿಪ್ರಾಯ' ಅಂತ ಐತಿ ನೋಡು."

ಉರುಕುಂದಮ್ಮ ಮೈಕ್ ಒತ್ತಿದಳು. ಅವಳು ಬರೆಯಲು ತೆಲುಗು, ಬೈಯಲು ಕನ್ನಡ. "ಏನಪ್ಪಾ, ಡಬ್ಬಿ ಮಾಡಿದವನಾ. ನಾ ಇಟ್ಟ ಎಲ್ಲ ಮಾತನ್ನೂ ಓದು. ಕನ್ನಡದಾಗ ಇಟ್ಟು ತೆಲುಗಿನ್ಯಾಗ ಕೇಳಿದ್ರೂ ಕೊಡು. ಸಿಗಲಿಲ್ಲಂದ್ರ ಇದೇನು, ಅದೇನು ಅಂತ ನಾಲ್ಕು ತೋರಸು. ಪೆಟ್ಟಿಗಿ ತೆರದ ಕೂಡಲೇ ನನ್ನ ಸಾಮಾನು ನನಗ ಕಾಣಬೇಕು. ನಿಮ್ಮವ್ವನ ಕೈಯಾಗ ಇದನ್ನ ಕೊಟ್ಟು ಒಂದು ದಿನ ನೋಡು, ಆಮ್ಯಾಲ ಊರಿಗೆ ಹಂಚು."

"ಅದನ್ನೂ ಹೇಳು," ಸುಂಕಣ್ಣ ಪಕ್ಕದಿಂದ ಬಾಗಿದ. "ಇನ್ನೊಮ್ಮೆ ನನ್ನ ಇಲ್ಲ ಅಂದ್ರ ಸುಮ್ಮನಿರಂಗಿಲ್ಲ ಅಂತ."

ಅವತ್ತೇ ಅವನು ತನ್ನ ಹೊಸ ಫೋನಿಗೂ ಭದ್ರಪೆಟ್ಟಿ ಹಾಕಿಸಿಕೊಂಡ. ಒಂದೊಂದನ್ನು ಇಟ್ಟಾಗಲೂ ಹೆಂಡತಿಯನ್ನು ಕರೆದು "ನೀ ಹುಡುಕಿ ನೋಡು" ಅಂದ. ಅವಳಿಗೆ ಸಿಗದಿದ್ದರೆ ಹೆಸರು ಬದಲಿಸಿದ.

ಓದುತ್ತಿರುವ ಅಕ್ಕಾ, ಅಣ್ಣಾ, ಈ ಸಿಟ್ಟು ನಿಮಗೂ ಬರಬೇಕು. ಪಾಸ್‌ವರ್ಡನ್ನು ಗೋಡೆಗೆ, ಫೋನಿನ ಕವರಿಗೆ, ಹಳೇ ಕ್ಯಾಲೆಂಡರಿಗೆ ಬರೆಯಬೇಡಿ. ಬೀಗ ಇರುವ ಆ್ಯಪಿನಲ್ಲೇ ಇಡಿ. ಆದರೆ ಇಡುವಾಗ ಅದು ಯಾತಕ್ಕೆ ಅನ್ನುವ ಮಾತನ್ನು ಮೊದಲು ಹಾಕಿ. ನಿಮ್ಮ ಬಾಯಿಗೆ ಬರುವ ಮಾತು ಹಾಕಿ. ಇಟ್ಟ ಕೂಡಲೇ ಹುಡುಕಿ ನೋಡಿ. ಮನೆಯಲ್ಲಿ ನೀವು ನಂಬುವ ಒಬ್ಬರ ಕೈಯಲ್ಲೂ ಹುಡುಕಿಸಿ, ಗಡುವಿನ ದಿನ ಬರುವ ತನಕ ಕಾಯಬೇಡಿ. ಆ್ಯಪಿನವರು ಅಂತ ಹೇಳಿಕೊಂಡು ಯಾರಾದರೂ ಫೋನು ಮಾಡಿ ಪಾಸ್‌ವರ್ಡು ಕೇಳಿದರೆ ಕೊಡಬೇಡಿ.

ಇಷ್ಟೆಲ್ಲ ಮಾಡಿದರೂ ಅದು "ಲಭ್ಯವಿಲ್ಲ" ಅಂದರೆ, ನನಗೆ ಓದು ಬರಲ್ಲ, ನನಗೆ ತಿಳಿಯಲ್ಲ ಅಂತ ತಲೆ ತಗ್ಗಿಸಬೇಡಿ. ನಿಮಗೆ ತಿಳಿಯುವ ಹಾಗೆ ಮಾಡುವುದು ಅವರ ಕೆಲಸ. ಮೈಕ್ ಒತ್ತಿ, ನಿಮ್ಮ ಭಾಷೆಯಲ್ಲೇ, ಗಟ್ಟಿಯಾಗಿ ಹೇಳಿ. ಇವತ್ತೇ ಹೇಳಿ.