ಬಿಳಿ ಸೀರೆಯ ಬಾಯಸ್ಕೋಪು

ಬಾಯಸ್ಕೋಪಿನಲ್ಲಿ ಅಳುವವರು ಬೇರೆ, ಅಳಿಸುವವನು ಬೇರೆ. ಅಳಿಸುವವನ ಹೆಸರು ಹೊಳಬಸಪ್ಪ. ಮುರ್ತುಜಸಾಬರ ಡೇರೆಯಲ್ಲಿ ಪರದೆಯ ಮಗ್ಗುಲಿಗೆ ಒಂದು ಕಟ್ಟಿಗೆ ಪೆಟ್ಟಿಗೆಯ ಮೇಲೆ ನಿಂತು, ಮಾತಿಲ್ಲದ ಚಿತ್ರಕ್ಕೆ ಮಾತು ಹಚ್ಚುವುದು ಅವನ ಕೆಲಸ. ಹಚ್ಚಿ ಹಚ್ಚಿ ಅವನಿಗೆ ಸಾಕುಬೇಕಾಗಿತ್ತು. ಗಂಟಲು ಕೂತುಹೋಗಿತ್ತು. ಬಾಯಲ್ಲಿ ನಾಲ್ಕು ಮೆಣಸು, ಒಂದು ಚೂರು ಕಲ್ಲುಸಕ್ಕರೆ ಇಟ್ಟುಕೊಂಡರೆ ಆಟ ಮುಗಿಯುವವರೆಗೆ ಹೇಗೋ ನೂಕಬಹುದಾಗಿತ್ತು.

ಆ ಸುಗ್ಗಿಯಲ್ಲಿ ಮುರ್ತುಜಸಾಬರು ಮುಂಬೈಯಿಂದ ತಂದದ್ದು ಯಾರೋ ಆಡಿಸಿ ಬಿಟ್ಟ ಹಳೆಯ ರೀಲು. ಮಾರಿದವನು ಅದು ಜಪಾನಿನ ಮಗ್ಗುಲ ಕೊರಿಯಾ ದೇಶದ್ದು ಎಂದಿದ್ದನಂತೆ. ನಡುನಡುವೆ ಅಕ್ಷರ ಬರುತ್ತಿದ್ದವು. ಅವನ್ನು ಓದುವವರು ಬಾಗಲಕೋಟೆಯ ಮಾತು ಬಿಡಿ, ಮುಂಬೈಯಲ್ಲೂ ಸಿಕ್ಕಿರಲಿಲ್ಲ. ಹೀಗಾಗಿ ಕಥೆ ಕಟ್ಟುವ ಕೆಲಸ ಹೊಳಬಸಪ್ಪನ ತಲೆಗೇ ಬಂತು. ಅವನು ನೋಡಿದ. ಹೊಳೆಯ ದಂಡೆ, ಅಲ್ಲೊಬ್ಬಳು ಹುಡುಗಿ, ಮೈತುಂಬ ಬಿಳಿ ಉಟ್ಟವಳು. ಒಬ್ಬ ಹುಡುಗ ಅವಳನ್ನು ನೋಡುತ್ತಾನೆ, ದೂರ ಹೋಗುತ್ತಾನೆ, ಜಡ್ಡಾಗಿ ತಿರುಗಿ ಬರುತ್ತಾನೆ, ಅವಳು ಮುಟ್ಟುವಷ್ಟರಲ್ಲಿ ಸಾಯುತ್ತಾನೆ. ಅವಳೂ ಅವನ ಪಕ್ಕದಲ್ಲೇ ಮಲಗಿಬಿಡುತ್ತಾಳೆ. ಮೇಲೆ ಹಿಮ ಬೀಳುತ್ತದೆ. ಹೊಳಬಸಪ್ಪ ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಸೀರೆಯ ಬಣ್ಣ ನೋಡಿ ಉಟ್ಟವಳ ಹಣೆಬರಹ ಹೇಳುವ ಊರು ಅದು. ಬಿಳಿ ಉಟ್ಟವಳೆಂದ ಮೇಲೆ ಗಂಡ ಸತ್ತವಳೇ ಸರಿ, ಅದಕ್ಕೇ ಈ ಗೋಳು ಎಂದು ಅವನು ಕಥೆಗೆ ಅಲ್ಲೇ ಗಂಟು ಹಾಕಿದ.

ಆಟ ಶುರುವಾಗುವ ಮುಂಚೆ ಅವನು ಮಂದಿಗೆ ಒಂದು ಕರಾರು ಹಾಕುತ್ತಿದ್ದ. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗ ಮೊಮ್ಮಕ್ಕಳು ಹೂಂಗುಟ್ಟುವ ಹಾಗೆ ಇಲ್ಲಿಯೂ ಹೂಂಗುಟ್ಟಬೇಕು. ಹೂಂ ಎನ್ನದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಡೇರೆ ತುಂಬ ಹೂಂ ಎದ್ದಾಗ ಅವನಿಗೆ ತುಸು ಉಸಿರು ಬರುತ್ತಿತ್ತು. ನಿಜ ಹೇಳಬೇಕೆಂದರೆ ಅವನು ಬದುಕಿದ್ದೇ ಮಂದಿಯ ಹೂಂಕಾರದ ಮೇಲೆ.

ಆಟ ಮುಗಿದ ಮರುದಿನ ಮಂದಿಯ ಅಭಿಪ್ರಾಯದ ಸರದಿ. ಚಹಾ ಕುಡಿಯಲು ಕೂತಲ್ಲಿ, ಕ್ಷೌರಕ್ಕೆ ಕೂತಲ್ಲಿ ಅವನನ್ನು ಹಿಡಿದು ನಿಲ್ಲಿಸಿ ಹೇಳುವರು. ಬಾಗಲಕೋಟೆಯವರು ಹಿಮ ಕಂಡವರಲ್ಲ, ಹತ್ತಿ ಬಿಡಿಸುವ ಜಿನ್ನಿನ ಗಿರಣಿ ಕಂಡವರು. ಸತ್ತವರ ಮೇಲೆ ಅಷ್ಟು ಅರಳೆ ಸುರುವಿ ಹಾಳು ಮಾಡಿದ್ದು ಯಾರೆಂಬುದೇ ಅವರಿಗೆ ದೊಡ್ಡ ಸಂಕಟ. ಬಾದಾಮಿಯಲ್ಲಿ ಒಬ್ಬ ಮುದುಕ, ಜಡ್ಡಿನವನಿಗೆ ಯಾರಾದರೂ ಜೋಳದ ಗಂಜಿ ಕುಡಿಸಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಹೊಳಬಸಪ್ಪನಿಗೇ ಬೈದ. ಹುನಗುಂದದಲ್ಲಿ ಹಿರಿಯರು ಕೂತು, ಗಂಡ ಸತ್ತವಳು ಹೊಳೆಯ ದಂಡೆಗೆ ಹೋದದ್ದೇ ತಪ್ಪೆಂದು ತೀರ್ಮಾನಿಸಿದರು. ಇಷ್ಟೆಲ್ಲ ಅಂದವರು ಸಂಜೆ ಮತ್ತೆ ಬಂದು ಮುಂದಿನ ಸಾಲಿನಲ್ಲಿ ಕೂತು ಅಳುತ್ತಿದ್ದರು. ಹೊಳಬಸಪ್ಪ ಎಲ್ಲದಕ್ಕೂ ಹೌದು ಹೌದು ಎನ್ನುತ್ತಿದ್ದ. ವಾದಕ್ಕೆ ನಿಲ್ಲುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಹುನಗುಂದದಿಂದ ಗಾಡಿಗಳು ಇಳಕಲ್ಲಿಗೆ ತಿರುಗಿದಾಗ ಅವನ ದಣಿವು ಇಮ್ಮಡಿಯಾಯಿತು. ಅಲ್ಲಿ ಅವನ ಮನೆಯಿತ್ತು. ಮನೆಯಲ್ಲಿ ತಂಗಿ ಗುರುಲಿಂಗವ್ವ ಇದ್ದಳು. ಮದುವೆಯಾದ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ಬಿಳಿ ಸೀರೆ ಉಟ್ಟು ತವರಿಗೆ ಬಂದವಳು. ಊರೂರು ತಿರುಗುವವನಿಗೆ ಹೆಣ್ಣು ಕೊಡುವವರು ಯಾರು? ಹೊಳಬಸಪ್ಪ ಒಂಟಿಯಾಗೇ ಉಳಿದಿದ್ದ. ಅಣ್ಣ ಬಂದಾಗ ಬಿಸಿ ರೊಟ್ಟಿ ಬಡಿಯುವುದು, ಇಲ್ಲದಾಗ ನೂಲು ಸುತ್ತುವುದು, ಇದು ಗುರುಲಿಂಗವ್ವನ ಬಾಳು.

ಅದೇ ಓಣಿಯ ನೇಕಾರ ಅಮಾತೆಪ್ಪನ ಹೆಂಡತಿ ತೀರಿ ಬಹಳ ದಿನವಾಗಿತ್ತು. ಮಾತು ಕಡಿಮೆಯ ಮನುಷ್ಯ. ಹೋದ ವರ್ಷ ಅವನು ಹೊಳಬಸಪ್ಪನ ಎದುರು ಕೂತು, ಗುರುಲಿಂಗವ್ವನನ್ನು ಉಡಿಕೆ ಮಾಡಿಕೊಳ್ಳುತ್ತೇನೆಂದು ಕೇಳಿದ್ದ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು ಅವರ ಮಂದಿಯಲ್ಲಿ ಹಿಂದಿನಿಂದ ಇದ್ದ ಪದ್ಧತಿಯೇ. ನಾಲ್ಕು ಜನರಲ್ಲಿ ಮೇಲೆನಿಸಿಕೊಂಡ ಮನೆತನದವರು ಈಚೆಗೆ ಅದನ್ನು ಬಿಟ್ಟಿದ್ದರು. ಗುರುಲಿಂಗವ್ವನನ್ನು ಕೇಳಿದರೆ, ಅಣ್ಣ ಹೂಂ ಎಂದರೆ ತನ್ನದೂ ಹೂಂ ಎಂದಿದ್ದಳು. ಹೊಳಬಸಪ್ಪ ಮಾತ್ರ ‘ನೋಡೂಣಂತ’ ಎಂದು ಗಾಡಿ ಹತ್ತಿದ್ದ. ಈಗ ಬಂದು ನೋಡಿದರೆ ಅಮಾತೆಪ್ಪ ಮಗ್ಗ ಬಿಚ್ಚಿ ಗೋಡೆಗೆ ಆನಿಸಿದ್ದ. ಸೋಲಾಪುರದ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರ ಹೊರಡುವವನಿದ್ದ. ಈ ಸಲ ಅವನು ಬಾಯಿ ಬಿಟ್ಟು ಏನನ್ನೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು, ಆರಾಮ ಏನಣ್ಣಾ ಎಂದು ವಿಚಾರಿಸಿ, ತುಸು ಹೊತ್ತು ಕಾದು, ಹೋದ. ಹೊಳಬಸಪ್ಪನಿಗೆ ಆ ಕಾಯುವಿಕೆ ತಿಳಿಯಲಿಲ್ಲವೆಂದಲ್ಲ.

ಶನಿವಾರದ ಆಟಕ್ಕೆ ಗುರುಲಿಂಗವ್ವ ನೆರೆಮನೆಯ ಗುಲಾಬಬಿಯ ಜೊತೆ ಬಂದು ಹೆಣ್ಣುಮಕ್ಕಳ ಕಡೆ ಕೂತಳು. ಡೇರೆಗೆ ಡೇರೆಯೇ ಅತ್ತಿತು. ಮರುದಿನ ಬೆಳಿಗ್ಗೆ ಗುಲಾಬಬಿ ಹಿತ್ತಲ ಗೋಡೆಯ ಮೇಲಿಂದ ತನ್ನ ಅಭಿಪ್ರಾಯ ತಿಳಿಸಿದಳು. ಅಷ್ಟು ಚೆಲುವ ಹುಡುಗನನ್ನು ಕೊಂದ ದೇವರಿಗೆ ಕಣ್ಣಿಲ್ಲ, ಇವತ್ತು ಇನ್ನೊಮ್ಮೆ ಹೋಗಬೇಕು ಎಂದಳು. ಗುರುಲಿಂಗವ್ವ ರಾಟೆಯ ಮುಂದೆ ಕೂತಿದ್ದಳು. ಅತ್ತ ಕುರುಹು ಅವಳ ಮುಖದಲ್ಲಿರಲಿಲ್ಲ. ಗುಲಾಬಬಿ ಒಳಗೆ ಹೋದ ಮೇಲೆ ರಾಟೆ ನಿಲ್ಲಿಸಿದಳು.

"ಅಣ್ಣಾ, ಆಕಿ ಗಂಡ ಸತ್ತಾಕಿ ಅಂತ ನಿನಗ ಹ್ಯಾಂಗ ಗೊತ್ತಾತು?"

"ಬಿಳಿ ಉಟ್ಟಾಳಲ್ಲ."

"ಹೊಳಿ ದಾಟ್ಸೋ ಅಂಬಿಗನೂ ಬಿಳಿನ ಉಟ್ಟಾನ. ಸಂತಿಗೆ ಬಂದ ಮಂದಿ ಎಲ್ಲಾ ಬಿಳಿ. ಬಗಲಾಗಿನ ಕೂಸಿಗೂ ಬಿಳಿ ಉಡಿಸ್ಯಾರ. ಅದು ಆ ದೇಶದ ಉಡುಪು ಇರಬೇಕು. ಅಷ್ಟು ಮಂದ್ಯಾಗ ಆಕಿ ಒಬ್ಬಾಕಿನ್ನ ಯಾಕ ಗಂಡ ಸತ್ತಾಕಿ ಮಾಡಿದಿ?"

ಹೊಳಬಸಪ್ಪ ಬಾಯಲ್ಲಿದ್ದ ಮೆಣಸನ್ನು ಕಚ್ಚಿಬಿಟ್ಟ. ಇಷ್ಟು ಊರು, ಇಷ್ಟು ಆಟ, ಪ್ರತಿ ಸಲವೂ ಕಣ್ಣೆದುರೇ ಇತ್ತು. ಅಂಬಿಗನ ಬಿಳಿ ಅವನಿಗೆ ಕಂಡಿರಲಿಲ್ಲ, ಸಂತೆಯ ಬಿಳಿ ಕಂಡಿರಲಿಲ್ಲ. ಕಂಡದ್ದು ಮನೆಯಲ್ಲಿ ದಿನಾ ನೋಡಿದ ಒಂದು ಬಿಳಿ ಮಾತ್ರ. ಹಾಗಾದರೆ ಅವರಿಬ್ಬರ ಲಗ್ನಕ್ಕೆ ಅಡ್ಡಿ ಏನಿತ್ತು ಎಂದು ಅವನು ಗೊಣಗಿದ.

"ಅದನ್ನ ನೀನ ಹೇಳಬೇಕು," ಎಂದಳು ಗುರುಲಿಂಗವ್ವ. "ಕಥಿ ಕಟ್ಟಿದಾಂವ ನೀನು."

ಅವಳು ಅಮಾತೆಪ್ಪನ ಹೆಸರೆತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ಹೊಳಬಸಪ್ಪನಿಗೆ ಸುಲಭವಿತ್ತು. ಹಗಲೆಲ್ಲ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಮಂದಿ ಏನೆಂದಾರು ಎಂಬ ಅಂಜಿಕೆ ಇದ್ದದ್ದು ಹೌದು. ಅದರ ಕೆಳಗೆ ಇನ್ನೊಂದಿತ್ತು. ಊರೂರು ಸುತ್ತಿ ಗಂಟಲು ಹರಿದುಕೊಂಡು ಬಂದ ದಿನ ಈ ಮನೆಯ ಬಾಗಿಲು ತೆರೆದಿರಬೇಕು, ಒಲೆ ಉರಿಯುತ್ತಿರಬೇಕು. ಇವಳು ಹೋದರೆ ಬೀಗ ತೆಗೆದು ತಣ್ಣನೆಯ ಮನೆ ಹೊಗಬೇಕಾಗುತ್ತದೆ. ನಾಚಿಕೆಯಾಗುವಂಥ ಮಾತು. ಅವನಿಗೂ ನಾಚಿಕೆಯಾಯಿತು.

ಸಂಜೆ ಡೇರೆ ತುಂಬಿತು. ಗುಲಾಬಬಿ ಗುರುಲಿಂಗವ್ವನನ್ನೂ ಮತ್ತೆ ಕರೆತಂದಿದ್ದಳು. ಅಮಾತೆಪ್ಪ ಗಂಡಸರ ಕಡೆ ಕಂಬಕ್ಕೊರಗಿ ಕೂತಿದ್ದ. ಊರು ಬಿಡುವ ಮುಂಚೆ ಒಂದು ಆಟ ನೋಡಿಬಿಡೋಣ ಎಂದಿರಬೇಕು. ಮುರ್ತುಜಸಾಬರು ಯಂತ್ರದ ಹಿಡಿಕೆ ತಿರುವಿದರು. ಹೊಳೆ ಬಂತು, ಹುಡುಗಿ ಬಂದಳು. ಬಾಯಿಪಾಠವಾಗಿದ್ದ ಮಾತು ಹೊಳಬಸಪ್ಪನ ನಾಲಿಗೆಯ ತುದಿಗೆ ಬಂದು ನಿಂತಿತು. ಅವನು ಅದನ್ನು ನುಂಗಿ, ಇವಳು ಹೊಳೆಯ ದಂಡೆಯ ಊರಿನ ಒಬ್ಬ ಹುಡುಗಿ ಎಂದಷ್ಟೇ ಹೇಳಿದ. ಹೂಂ ಎಂದಿತು ಡೇರೆ. ಹುಡುಗ ಬಂದ, ಇಬ್ಬರಿಗೂ ಮನಸ್ಸಾಯಿತು. ಹೂಂ. ಹುಡುಗ ಊರು ಬಿಟ್ಟು ಹೊರಟ. ಇಲ್ಲಿ ಹೂಂ ನಿಂತಿತು.

ಹುಲ್ಲಪ್ಪನೆಂಬ ಹಿರಿಯ ನೇಕಾರ, ಎಲ್ಲದರಲ್ಲಿ ಬಾಯಿ ಹಾಕುವ ಆಸಾಮಿ, ಕೂತಲ್ಲಿಂದಲೇ ತಡೆದ. ನಿನ್ನೆ ಅವಳು ಗಂಡ ಸತ್ತವಳಾಗಿದ್ದಳು, ಇವತ್ತು ಅಲ್ಲವೆಂದರೆ ಲಗ್ನ ಮಾಡಲು ಏನು ಧಾಡಿ ಎಂದು ಕೇಳಿದ.

ಪರದೆಯ ಮೇಲೆ ಆಗ ಉದ್ದನೆಯ ಚಿಲುಮೆ ಸೇದುತ್ತ ಕಟ್ಟೆಯ ಮೇಲೆ ಕೂತ ಮನುಷ್ಯನೊಬ್ಬ ಕಂಡ. ಅವನನ್ನು ಹೊಳಬಸಪ್ಪ ಇಷ್ಟು ದಿನ ಊರ ಗೌಡನೆಂದು ಹೇಳಿಕೊಂಡು ಬಂದಿದ್ದ.

"ಅಂವ ಆಕಿ ಅಣ್ಣ," ಎಂದ. "ಹುಡುಗ ಬಂದು ಕೇಳಿದ. ಅಣ್ಣ ಹೂಂ ಅನ್ನಲಿಲ್ಲ."

"ಯಾಕ ಅನ್ನಲಿಲ್ಲ?"

"ಮಂದಿ ಏನಂದಾರೋ ಅಂತ ಅಂಜಿದ."

"ಮಂದಿ ಅಂದ್ರ ಯಾರಪಾ?" ಹುಲ್ಲಪ್ಪ ಸುತ್ತಲೂ ನೋಡಿದ. "ಇಲ್ಲಿ ಕುಂತೇವಲ್ಲ, ನಾವ ಮಂದಿ. ನಾವೇನಂದೇವಿ ಅಂವಗ?"

ಡೇರೆ ನಕ್ಕಿತು. ಯಂತ್ರ ಕಟಕಟ ಎನ್ನುತ್ತಲೇ ಇತ್ತು. ಹುಡುಗ ಜಡ್ಡಾಗಿ ಬಂದ, ಅವಳು ಓಡಿಬಂದಳು, ಹೇಳುವವನಿಲ್ಲದೆ ಎಲ್ಲ ಮುಂದೆ ಮುಂದೆ ಹೋಯಿತು. ಮಾತಾಡು ಎಂದು ಮುರ್ತುಜಸಾಬರು ಹಿಂದಿನಿಂದ ಕೈಸನ್ನೆ ಮಾಡುತ್ತಿದ್ದರು. ಹೊಳಬಸಪ್ಪ ಪರದೆಗೆ ಬೆನ್ನು ಮಾಡಿ ಕಂಬದ ಕಡೆ ತಿರುಗಿದ.

"ಅಮಾತೆಪ್ಪಾ."

"ಹೂಂ," ಎಂದ ಅಮಾತೆಪ್ಪ, ಕಥೆ ಕೇಳುವವನ ರೂಢಿಯಿಂದ.

"ನೀ ಅನ್ನೂದಲ್ಲಪಾ. ನಾ ಅನ್ನಬೇಕಾಗಿತ್ತು." ಅವನು ಬಾಯಲ್ಲಿದ್ದ ಮೆಣಸನ್ನು ಉಗುಳಿದ. "ಹೂಂ. ಹೋಗೂಮುಂದ ಆಕಿನ್ನೂ ಕರಕೊಂಡು ಹೋಗು."

ಹಿಂದೆ ಆ ಇಬ್ಬರ ಮೇಲೆ ಎಂದಿನಂತೆ ಹಿಮ ಬಿತ್ತು. ಅದನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಹೆಣ್ಣುಮಕ್ಕಳ ಕಡೆಯಿಂದ ಗುಲಾಬಬಿ ಬಿಕ್ಕುವುದು ಕೇಳಿಸಿತು, ಅವಳ ಪಕ್ಕದಲ್ಲಿ ಈ ಸಲ ಇನ್ನೊಬ್ಬರು ಬಿಕ್ಕುವುದೂ ಕೇಳಿಸಿತು. ಹೊಳಬಸಪ್ಪ ಪೆಟ್ಟಿಗೆಯಿಂದ ಇಳಿದು ಅದರ ಮೇಲೆಯೇ ಕೂತ. ಕಥೆ ಚಲೋ ಇತ್ತು, ಕಡೆಗೆ ಹೇಳುವವನು ದಾರಿ ತಪ್ಪಿದ ಎಂದು ಹೊರಗೆ ಹೋಗುತ್ತ ಯಾರೋ ಅಂದರು. ಅವನು ಹೌದು ಹೌದು ಎಂದ, ಮತ್ತು ಸೋಮವಾರದಿಂದ ರೊಟ್ಟಿ ಬಡಿಯುವುದನ್ನು ಕಲಿಯಬೇಕೆಂದುಕೊಂಡ.